ಕಪ್ಪಿನ ತಳ ಹೇಳುವ ಕಥೆ

ಕತ್ರಿಗುಪ್ಪೆ ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿದ್ದ ಹಳ್ಳಿ. ಈಗ ಅದು ಬನಶಂಕರಿ ಮೂರನೇ ಹಂತದ ಜೊತೆ ಸೇರಿಹೋಗಿದೆ. ಅಲ್ಲಿನ ಯಾವುದೇ ಟೀ ಅಂಗಡಿಯ ಮುಂದೆ ಐದು ನಿಮಿಷ ನಿಂತು ನೋಡಿ. ಒಬ್ಬರ ಕೈಯಲ್ಲಿ ಗಾಜಿನ ಲೋಟ, ಇನ್ನೊಬ್ಬರ ಕೈಯಲ್ಲಿ ಕಾಗದದ ಲೋಟ, ಮತ್ತೊಬ್ಬರ ಕೈಯಲ್ಲಿ ಸ್ಟೀಲ್ ಲೋಟ. ಪಿಂಗಾಣಿ ಕಪ್ಪು ಮಾತ್ರ ಅಪರೂಪ. ಆದರೆ ಕೆಲವು ಮನೆಗಳ ಗಾಜಿನ ಬೀರುವಿನಲ್ಲಿ ಹೂವಿನ ಚಿತ್ರದ, ಚಿನ್ನದ ಗೆರೆಯ ಕಪ್ಪು ಸಾಸರುಗಳು ಕುಳಿತಿರುತ್ತವೆ. ಅವುಗಳಲ್ಲಿ ಯಾರೂ ಟೀ ಕುಡಿಯುವುದಿಲ್ಲ. "ಮುಟ್ಟಬೇಡ, ಒಡೆದೀತು, ಅಜ್ಜಿಯ ಕಾಲದ್ದು" ಎಂದು ಮನೆಯವರು ಎಚ್ಚರಿಸುತ್ತಾರೆ.

ಅದು ನಿಜವಾಗಿ ಎಷ್ಟು ಹಳೆಯದು? ಎಲ್ಲಿ ತಯಾರಾಯಿತು? ಯಾವುದರಿಂದ ತಯಾರಾಯಿತು? ಅದರಲ್ಲಿ ಟೀ ಕುಡಿಯಬಹುದೇ? ಈ ನಾಲ್ಕು ಪ್ರಶ್ನೆಗಳಲ್ಲಿ ಮೊದಲ ಮೂರಕ್ಕೆ ಕಪ್ಪೇ ಬಹುಮಟ್ಟಿಗೆ ಉತ್ತರ ಹೇಳುತ್ತದೆ. ನಾಲ್ಕನೆಯ ಪ್ರಶ್ನೆಗೆ ಮಾತ್ರ ಕಣ್ಣಿನಿಂದ ನೋಡಿ ಉತ್ತರ ಹೇಳಲಾಗದು. ಏಕೆ ಎಂಬುದನ್ನು ಮುಂದೆ ನೋಡೋಣ.

ಹಳೆಯ ಇಂಗ್ಲಿಷ್ ಪಿಂಗಾಣಿ ಟೀ ಸೆಟ್ಟುಗಳನ್ನು ಸಂಗ್ರಹಿಸುವ ಹವ್ಯಾಸ ಜಗತ್ತಿನ ಅನೇಕ ಕಡೆ ಇದೆ. ಸಾಮಾನ್ಯವಾಗಿ ನೂರು ವರ್ಷಕ್ಕಿಂತ ಹಳೆಯದಾದ ವಸ್ತುವನ್ನು ಸಂಗ್ರಾಹಕರು ‘ಆಂಟಿಕ್’ ಎನ್ನುತ್ತಾರೆ. ಬೆಂಗಳೂರಿಗೆ ಇಂಥ ಕಪ್ಪುಗಳು ಹೊಸತಲ್ಲ. 1809ರಲ್ಲಿ ಇಲ್ಲಿ ಬ್ರಿಟಿಷರ ದಂಡು ನೆಲೆಯೂರಿತು. 1947ರವರೆಗೂ ದಂಡು ಪ್ರದೇಶದ ಆಡಳಿತ ಅವರ ಕೈಯಲ್ಲಿತ್ತು. ಅವರ ಜೊತೆ ಅವರ ಟೀ ಕುಡಿಯುವ ಪದ್ಧತಿಯೂ ಬಂತು.

ಮಣ್ಣೇ, ಆದರೆ ಬೇರೆ ಮಣ್ಣು

ಮಡಕೆಯೂ ಮಣ್ಣು, ಪಿಂಗಾಣಿಯೂ ಮಣ್ಣು. ಹಾಗಾದರೆ ಎರಡಕ್ಕೂ ವ್ಯತ್ಯಾಸ ಏನು?

ನಮ್ಮ ಕುಂಬಾರರು ಬಳಸುವ ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಆದ್ದರಿಂದಲೇ ಸುಟ್ಟ ಮಡಕೆ ಕೆಂಪಾಗುತ್ತದೆ. ಆವಿಗೆಯ ಉಷ್ಣತೆಯಲ್ಲಿ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆದರೆ ಅವುಗಳ ನಡುವೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಮಡಕೆಯ ನೀರು ಈ ರಂಧ್ರಗಳಿಂದ ಹೊರಕ್ಕೆ ಜಿನುಗಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಅದು ಒಳಗಿನ ನೀರಿನಿಂದಲೇ ಪಡೆಯುತ್ತದೆ. ಬೇಸಗೆಯಲ್ಲಿ ಮಡಕೆಯ ನೀರು ತಂಪಾಗಿರುವುದು ಇದರಿಂದಲೇ.

ಪಿಂಗಾಣಿಗೆ ಬಳಸುವುದು ಕೇಯೊಲಿನ್ ಎಂಬ ಬಿಳಿ ಜೇಡಿಮಣ್ಣು. ಇದರಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಇದರ ಜೊತೆ ಬೇಗ ಕರಗುವ ಒಂದು ಬಗೆಯ ಕಲ್ಲಿನ ಪುಡಿಯನ್ನು ಬೆರೆಸುತ್ತಾರೆ. ಗೂಡಿನ ಉಷ್ಣತೆ 1200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಆ ಕಲ್ಲು ಕರಗಿ ಗಾಜಿನಂತಾಗಿ ರಂಧ್ರಗಳನ್ನು ತುಂಬಿಬಿಡುತ್ತದೆ. ತಣ್ಣಗಾದ ಮೇಲೆ ಗಟ್ಟಿಯಾದ, ನೀರು ಹೀರದ, ಬೆಳಕನ್ನು ಸ್ವಲ್ಪ ಒಳಬಿಡುವ ವಸ್ತು ಸಿಗುತ್ತದೆ. ಅದೇ ಪಿಂಗಾಣಿ.

ಈ ವಿದ್ಯೆಯನ್ನು ಮೊದಲು ಕಂಡುಕೊಂಡವರು ಚೀನಿಯರು. ಆದ್ದರಿಂದಲೇ ಇಂಗ್ಲಿಷಿನಲ್ಲಿ ಪಿಂಗಾಣಿಗೆ ‘ಚೈನಾ’ ಎಂಬ ಹೆಸರು ಬಂದಿದೆ. ಚೀನಾದಿಂದ ಹಡಗಿನಲ್ಲಿ ಟೀ ಸೊಪ್ಪಿನ ಜೊತೆ ಪಿಂಗಾಣಿ ಬಟ್ಟಲುಗಳೂ ಯುರೋಪಿಗೆ ಹೋದವು. ಅವುಗಳನ್ನು ತಾವೂ ಮಾಡಬೇಕೆಂದು ಯುರೋಪಿನವರು ಬಹುಕಾಲ ಒದ್ದಾಡಿದರು. ಜರ್ಮನಿಯ ಮೈಸೆನ್‌ನಲ್ಲಿ 1710ರಲ್ಲಿ ಪಿಂಗಾಣಿ ಕಾರ್ಖಾನೆ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಈ ಕೆಲಸ ಶುರುವಾದದ್ದು 1740ರ ದಶಕದಲ್ಲಿ.

ಕಪ್ಪಿನೊಳಗೆ ಮೂಳೆ!

ಇಂಗ್ಲೆಂಡಿನವರ ಮೊದಲ ಕಪ್ಪುಗಳಲ್ಲಿ ದೊಡ್ಡ ತೊಂದರೆಯೊಂದಿತ್ತು. ಕುದಿಯುವ ನೀರು ಸುರಿದರೆ ಅನೇಕ ಪಾತ್ರೆಗಳು ಬಿರುಕು ಬಿಡುತ್ತಿದ್ದವು. ಹೀಗೇಕೆ? ಬಿಸಿ ನೀರು ತಾಗಿದ ಒಳಭಾಗ ತಟ್ಟನೆ ಹಿಗ್ಗುತ್ತದೆ. ಹೊರಭಾಗ ಇನ್ನೂ ತಣ್ಣಗಿರುವುದರಿಂದ ಅದು ಹಿಗ್ಗುವುದಿಲ್ಲ. ಈ ಎಳೆದಾಟದಲ್ಲಿ ಪಾತ್ರೆ ಸೀಳುತ್ತದೆ. 1751ರಲ್ಲಿ ಆರಂಭವಾದ ವೂಸ್ಟರ್ ಕಾರ್ಖಾನೆಯವರು ಮಣ್ಣಿಗೆ ಬಳಪದ ಕಲ್ಲಿನ ಪುಡಿ ಬೆರೆಸಿ, ಬಿಸಿ ತಡೆಯುವ ಟೀ ಪಾಟ್‌ಗಳನ್ನು ಮಾಡಿ ಹೆಸರು ಗಳಿಸಿದರು.

ಬೇರೆಯವರು ಇನ್ನೊಂದು ದಾರಿ ಹಿಡಿದರು. ಅವರು ಬೆರೆಸಿದ್ದು ಮೂಳೆ! ದನದ ಮೂಳೆಗಳನ್ನು ಸುಟ್ಟರೆ ಬಿಳಿ ಬೂದಿ ಉಳಿಯುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಫಾಸ್ಫೇಟ್. ನಮ್ಮ ಹಲ್ಲು ಮತ್ತು ಮೂಳೆಗಳಿಗೆ ಗಟ್ಟಿತನ ಕೊಡುವುದೂ ಇದೇ ಬಗೆಯ ವಸ್ತು. 1790ರ ದಶಕದಲ್ಲಿ ಸ್ಪೋಡ್ ಎಂಬ ಕಾರ್ಖಾನೆ ಈ ಮಿಶ್ರಣವನ್ನು ಒಂದು ಹದಕ್ಕೆ ತಂದಿತು. ಸುಮಾರು ಅರ್ಧ ಭಾಗ ಮೂಳೆಯ ಬೂದಿ, ಕಾಲು ಭಾಗ ಬಿಳಿ ಜೇಡಿಮಣ್ಣು, ಕಾಲು ಭಾಗ ಕಾರ್ನ್‌ವಾಲ್ ಪ್ರದೇಶದ ಕಲ್ಲಿನ ಪುಡಿ. ಇದೇ ‘ಬೋನ್ ಚೈನಾ’. ಬೋನ್ ಎಂದರೆ ಮೂಳೆ ಎಂದೇ ಅರ್ಥ. ಬಹಳ ತೆಳು, ಆದರೂ ಗಟ್ಟಿ. ಹಾಲಿನಂಥ ಬಿಳುಪು. ಮುಂದೆ ಇಂಗ್ಲೆಂಡಿನ ಬಹುಪಾಲು ಪಿಂಗಾಣಿ ಕಾರ್ಖಾನೆಗಳು ಇದನ್ನೇ ಅನುಸರಿಸಿದವು.

ಮಾಂಸ ತಿನ್ನದ ಕೆಲವು ಮನೆಗಳವರು ಈ ವಿಷಯ ತಿಳಿದ ಮೇಲೆ ಬೋನ್ ಚೈನಾ ಬಳಸುವುದಿಲ್ಲ. ಇನ್ನು ಕೆಲವರು ಬಳಸುತ್ತಾರೆ. ಅದು ಅವರವರ ಆಯ್ಕೆ. ಆದರೆ ಕೈಯಲ್ಲಿರುವ ವಸ್ತು ಯಾವುದರಿಂದ ಆಗಿದೆ ಎಂದು ತಿಳಿದಿರುವುದು ಎಲ್ಲರಿಗೂ ಒಳ್ಳೆಯದು.

ಆಗಿನ ಗೂಡುಗಳ ಬಿಸಿಯನ್ನು ಅಳೆಯುವುದು ಹೇಗೆ? ಸಾಮಾನ್ಯ ಉಷ್ಣಮಾಪಕ ಅಷ್ಟು ಬಿಸಿಯನ್ನು ತಾಳದು. ಜೋಸೈಯ ವೆಜ್‌ವುಡ್ ಎಂಬ ಪ್ರಸಿದ್ಧ ಕುಂಬಾರ ಇದಕ್ಕೊಂದು ಉಪಾಯ ಹುಡುಕಿದ. ಜೇಡಿಮಣ್ಣು ಬೆಂದಂತೆಲ್ಲ ಕುಗ್ಗುತ್ತದೆ. ಆತ ಒಂದೇ ಅಳತೆಯ ಮಣ್ಣಿನ ತುಂಡುಗಳನ್ನು ಗೂಡಿನಲ್ಲಿಟ್ಟು, ಆಮೇಲೆ ಅವು ಎಷ್ಟು ಕುಗ್ಗಿವೆ ಎಂದು ಅಳೆದು ಬಿಸಿಯನ್ನು ಅಂದಾಜು ಮಾಡಿದ. ಈ ಸಾಧನವನ್ನು ಆತ 1782ರಲ್ಲಿ ವಿಜ್ಞಾನಿಗಳ ಮುಂದಿಟ್ಟ. ಮರುವರ್ಷ ಇಂಗ್ಲೆಂಡಿನ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಆರಿಸಿತು. ಜೀವವಿಕಾಸವನ್ನು ವಿವರಿಸಿದ ಚಾರ್ಲ್ಸ್ ಡಾರ್ವಿನ್‌ಗೆ ಈತ ತಾಯಿಯ ತಂದೆ.

ಒಂದು ಸಾಸರ್, ಎರಡು ಕಪ್ಪು

ಇಂಗ್ಲೆಂಡಿನ ಮೊದಮೊದಲ ಟೀ ಕಪ್ಪುಗಳಿಗೆ ಹಿಡಿ ಇರಲಿಲ್ಲ. ಚೀನಾದ ಬಟ್ಟಲುಗಳನ್ನು ನೋಡಿ ಮಾಡಿದ್ದರಿಂದ ಅವೂ ಬಟ್ಟಲುಗಳಂತೆಯೇ ಇದ್ದವು. ಇಂಥ ಬಟ್ಟಲು ಕಂಡರೆ ಸಂಗ್ರಾಹಕರು ಕಿವಿ ನೆಟ್ಟಗೆ ಮಾಡುತ್ತಾರೆ.

ಸುಮಾರು ಇನ್ನೂರು ವರ್ಷ ಹಿಂದಿನ ಒಂದು ಪೂರ್ಣ ಸೆಟ್ಟಿನಲ್ಲಿ ಟೀ ಪಾಟ್, ಹಾಲಿನ ಹೂಜಿ, ಸಕ್ಕರೆ ಡಬ್ಬಿ, ಮಿಕ್ಕ ಟೀ ಮತ್ತು ಚರಟ ಸುರಿಯಲು ಒಂದು ಬೋಗುಣಿ, ಕಪ್ಪುಗಳು, ಸಾಸರುಗಳು ಇರುತ್ತಿದ್ದವು. ಅದರಲ್ಲೊಂದು ತಮಾಷೆ ಇದೆ. ಟೀಗೆ ಬೇರೆ ಕಪ್ಪು, ಕಾಫಿಗೆ ಬೇರೆ ಕಪ್ಪು, ಆದರೆ ಎರಡಕ್ಕೂ ಸಾಸರ್ ಒಂದೇ! ಒಬ್ಬರು ಒಂದೇ ಹೊತ್ತಿಗೆ ಟೀ ಮತ್ತು ಕಾಫಿ ಎರಡನ್ನೂ ಕುಡಿಯುವುದಿಲ್ಲವಲ್ಲ! ನಮ್ಮ ಹೋಟೆಲಿನಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದರೆ ಅದು ಬೈ ಟೂ. ಇಲ್ಲಿ ಎರಡು ಕಪ್ಪಿಗೆ ಒಂದೇ ಸಾಸರ್.

ಕಪ್ಪಿನ ಚಿತ್ರವನ್ನೂ ಗಮನಿಸಿ. ನೀಲಿ ಬಣ್ಣದಲ್ಲಿ ಮರ, ಸೇತುವೆ, ಎರಡು ಹಕ್ಕಿಗಳಿರುವ ‘ವಿಲೋ’ ವಿನ್ಯಾಸ ಬಹಳ ಪ್ರಸಿದ್ಧ. ಇದನ್ನು ಪ್ರತಿ ಕಪ್ಪಿನ ಮೇಲೂ ಕೈಯಿಂದ ಬರೆದದ್ದಲ್ಲ. ತಾಮ್ರದ ತಗಡಿನಲ್ಲಿ ಚಿತ್ರ ಕೆತ್ತಿ, ಅದಕ್ಕೆ ಬಣ್ಣ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಕಪ್ಪಿಗೆ ಅಂಟಿಸುತ್ತಿದ್ದರು. ಕಾಗದದ ಎರಡು ಅಂಚುಗಳು ಸೇರುವ ಕಡೆ ಚಿತ್ರ ಸರಿಯಾಗಿ ಕೂಡದೆ ಇರುವುದುಂಟು. ಹಾಗಿದ್ದರೆ ಅದು ಅಚ್ಚೊತ್ತಿದ ಚಿತ್ರ ಎಂದು ತಿಳಿಯಿರಿ. ನೀಲಿಯೇ ಏಕೆ? ಕೋಬಾಲ್ಟ್ ಎಂಬ ಲೋಹದ ಸಂಯುಕ್ತದಿಂದ ಬರುವ ಈ ನೀಲಿ, ಗೂಡಿನ ಭಾರಿ ಬಿಸಿಯಲ್ಲೂ ಹಾಳಾಗುವುದಿಲ್ಲ.

ತಳವನ್ನು ಓದುವುದು

ಈಗ ಕಪ್ಪನ್ನು ತಲೆಕೆಳಗು ಮಾಡಿ ನೋಡೋಣ. ತಳದಲ್ಲಿರುವ ಗುರುತು ಕಪ್ಪಿನ ಜನ್ಮಪತ್ರ ಇದ್ದಂತೆ.

ವಜ್ರದ ಆಕಾರದ ಗುರುತು, ಅದರ ಮೂಲೆಗಳಲ್ಲಿ ಅಕ್ಷರ ಮತ್ತು ಅಂಕೆಗಳಿದ್ದರೆ, ಆ ವಿನ್ಯಾಸ ಇಂಗ್ಲೆಂಡಿನಲ್ಲಿ 1842 ಮತ್ತು 1883ರ ನಡುವೆ ನೋಂದಣಿಯಾಗಿದೆ ಎಂದರ್ಥ. ಬೇರೆಯವರು ವಿನ್ಯಾಸ ಕದಿಯಬಾರದೆಂದು ಈ ನೋಂದಣಿ. 1884ರಿಂದ ವಜ್ರದ ಬದಲು ಬರೀ ನೋಂದಣಿ ಸಂಖ್ಯೆ ಬಂತು.

‘ಇಂಗ್ಲೆಂಡ್’ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 1891ರ ನಂತರದ್ದು. ಆ ವರ್ಷದಿಂದ ಅಮೆರಿಕ ದೇಶವು, ತನ್ನಲ್ಲಿಗೆ ಬರುವ ವಸ್ತುಗಳ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ನಿಯಮ ಮಾಡಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದಿದ್ದರೆ ಅದು ಹೆಚ್ಚಾಗಿ ಇಪ್ಪತ್ತನೆಯ ಶತಮಾನದ ಕಪ್ಪು. ‘ಮೈಕ್ರೋವೇವ್‌ನಲ್ಲಿ ಇಡಬಹುದು’ ಎಂದಿದ್ದರೆ? ನೀವೇ ಹೇಳಿ!

ಇಲ್ಲೊಂದು ಎಚ್ಚರಿಕೆ. ಕೆಲವು ಕಪ್ಪುಗಳ ತಳದಲ್ಲಿ ನೂರಾರು ವರ್ಷ ಹಿಂದಿನ ಇಸವಿ ಇರುತ್ತದೆ. ಅದು ಬಹಳ ಸಲ ಕಾರ್ಖಾನೆ ಆರಂಭವಾದ ವರ್ಷ, ಕಪ್ಪು ತಯಾರಾದ ವರ್ಷವಲ್ಲ. ನಿಮ್ಮ ಶಾಲೆಯ ಫಲಕದಲ್ಲಿ ಶಾಲೆ ಆರಂಭವಾದ ಇಸವಿ ಇದ್ದರೆ, ನೀವೆಲ್ಲ ಅದೇ ವರ್ಷ ಹುಟ್ಟಿದಿರಿ ಎಂದರ್ಥವೇ? ಇದೂ ಹಾಗೆಯೇ. ಗುರುತುಗಳನ್ನು ನಕಲು ಮಾಡುವವರೂ ಇದ್ದಾರೆ. ಆದ್ದರಿಂದ ಒಂದೇ ಸಾಕ್ಷಿಯನ್ನು ನಂಬಬಾರದು. ಗುರುತು, ಆಕಾರ, ಚಿತ್ರ, ಬೆಳಕು, ಸದ್ದು ಎಲ್ಲವೂ ಒಂದೇ ಮಾತು ಹೇಳಿದಾಗ ಮಾತ್ರ ನಂಬಬಹುದು. ವಿಜ್ಞಾನಿಗಳು ಕೆಲಸ ಮಾಡುವುದೂ ಹೀಗೆಯೇ.

ಮಾಡಿ ನೋಡಿ

ಇದಕ್ಕೆ ಆಂಟಿಕ್ ಕಪ್ಪು ಬೇಡ. ಮನೆಯಲ್ಲಿ ದಿನವೂ ಬಳಸುವ ಕಪ್ಪು ಸಾಕು. ದೊಡ್ಡವರನ್ನು ಕೇಳಿ ತೆಗೆದುಕೊಳ್ಳಿ. ಮೇಜಿನ ಮೇಲೆ ಬಟ್ಟೆ ಹಾಸಿಕೊಳ್ಳಿ.

1. ಬೆಳಕಿನ ಪರೀಕ್ಷೆ: ಕಪ್ಪಿನೊಳಗೆ ಟಾರ್ಚ್ ಬೆಳಗಿಸಿ, ಹೊರಗಿನಿಂದ ನೋಡಿ. ಕಪ್ಪಿನ ಗೋಡೆ ಹೊಳೆದರೆ, ಒಳಗಿಟ್ಟ ಬೆರಳಿನ ನೆರಳು ಕಂಡರೆ ಅದು ಪಿಂಗಾಣಿ ಅಥವಾ ಬೋನ್ ಚೈನಾ ಇರಬಹುದು. ಬೆಳಕು ಸ್ವಲ್ಪವೂ ಹಾಯದಿದ್ದರೆ ಅದು ಬೇರೆ ಮಣ್ಣಿನ ಕಪ್ಪು, ಇಲ್ಲವೇ ತೀರಾ ದಪ್ಪನೆಯ ಪಿಂಗಾಣಿ.

2. ಸದ್ದಿನ ಪರೀಕ್ಷೆ: ಕಪ್ಪನ್ನು ಅಂಗೈ ಮೇಲಿಟ್ಟು ಅಂಚಿಗೆ ಪೆನ್ಸಿಲಿನಿಂದ ಮೆಲ್ಲನೆ ತಟ್ಟಿ. ಗಂಟೆಯಂತೆ ‘ಟಿಣ್’ ಎಂದರೆ ಅದು ಚೆನ್ನಾಗಿ ಬೆಂದ, ಬಿರುಕಿಲ್ಲದ ಕಪ್ಪು. ‘ಠಪ್’ ಎಂದರೆ ಎಲ್ಲೋ ಬಿರುಕಿರಬಹುದು. ಮಡಕೆ ಕೊಳ್ಳುವಾಗ ಅಜ್ಜಿ ತಟ್ಟಿ ನೋಡುವುದು ಏಕೆಂದು ಈಗ ತಿಳಿಯಿತೇ?

3. ನೀರಿನ ಪರೀಕ್ಷೆ: ಕಪ್ಪಿನ ತಳದ ಉಂಗುರದಲ್ಲಿ ಮೆರುಗು ಇಲ್ಲದ, ಕೈಗೆ ತರಿತರಿಯಾಗಿ ಸಿಗುವ ಭಾಗ ಇರುತ್ತದೆ. ಅಲ್ಲಿ ಒಂದು ಹನಿ ನೀರು ಹಾಕಿ. ಒಂದು ಮಂಗಳೂರು ಹೆಂಚಿನ ತುಂಡಿನ ಮೇಲೂ ಒಂದು ಹನಿ ಹಾಕಿ. ಯಾವುದು ನೀರನ್ನು ಹೀರಿತು? ಯಾವುದರ ಮೇಲೆ ಹನಿ ಹಾಗೆಯೇ ನಿಂತಿತು? ಕಾರಣ ಬರೆಯಿರಿ.

ಬೆಂಗಳೂರಿನ ಪಿಂಗಾಣಿ

ಪಿಂಗಾಣಿ ಬರೀ ಹೊರದೇಶದಿಂದ ಬಂದದ್ದಲ್ಲ, ನಮ್ಮ ಊರಿನಲ್ಲೂ ತಯಾರಾಗಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಬೆಳಗಿತು. ವಿದ್ಯುತ್ ತಂತಿಯನ್ನು ಕಂಬಕ್ಕೆ ನೇರವಾಗಿ ಕಟ್ಟುವಂತಿಲ್ಲ. ನಡುವೆ ವಿದ್ಯುತ್ ಹರಿಯದ, ಮಳೆಯ ನೀರು ಹೀರದ ವಸ್ತು ಬೇಕು. ಅದಕ್ಕೆ ಪಿಂಗಾಣಿ ಬಹಳ ಯೋಗ್ಯ. ಮೈಸೂರು ಸಂಸ್ಥಾನದ ಸರ್ಕಾರ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, 1932ರಲ್ಲಿ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆಯನ್ನು ಸ್ಥಾಪಿಸಿತು. ವಿದ್ಯುತ್ ಅವಾಹಕಗಳ ತಯಾರಿಕೆಗೆ ಹೆಸರಾದ ಈ ಕಾರ್ಖಾನೆ 1976ರಲ್ಲಿ ಬಿಎಚ್‌ಇಎಲ್ ಸಂಸ್ಥೆಯ ಭಾಗವಾಯಿತು.

ಕತ್ರಿಗುಪ್ಪೆಯ ರಸ್ತೆಯಲ್ಲಿ ನಡೆಯುವಾಗ ದೂರದಿಂದಲೇ ಟ್ರಾನ್ಸ್‌ಫಾರ್ಮರ್ ಕಡೆ ಕಣ್ಣು ಹಾಯಿಸಿ. ತಂತಿ ಸೇರುವ ಜಾಗದಲ್ಲಿ ಕಂದು ಅಥವಾ ಬಿಳಿ ಬಣ್ಣದ, ಛತ್ರಿಯಂಥ ಅಂಚುಗಳುಳ್ಳ ತುಂಡುಗಳು ಕಾಣಬಹುದು. ಬೀರುವಿನ ಕಪ್ಪಿಗೆ ಅವು ದೂರದ ನೆಂಟರು! ಹತ್ತಿರ ಮಾತ್ರ ಹೋಗಬೇಡಿ.

ಮೆರುಗಿನೊಳಗಿನ ಸೀಸ

ಈಗ ನಾಲ್ಕನೆಯ ಪ್ರಶ್ನೆಗೆ ಬರೋಣ. ಹಳೆಯ ಕಪ್ಪಿನಲ್ಲಿ ಟೀ ಕುಡಿಯಬಹುದೇ?

ಕಪ್ಪಿನ ಹೊಳಪಿಗೆ ಕಾರಣ ಅದರ ಮೇಲಿರುವ ಗಾಜಿನಂಥ ತೆಳು ಪದರ. ಇದೇ ಮೆರುಗು. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನ ಕಪ್ಪುಗಳ ಮೆರುಗಿಗೆ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಸೀಸ ಬೆರೆತರೆ ಮೆರುಗು ಕಡಿಮೆ ಬಿಸಿಯಲ್ಲೇ ಕರಗಿ, ಎಲ್ಲೆಡೆ ಸಮನಾಗಿ ಹರಡಿ, ಚೆನ್ನಾಗಿ ಹೊಳೆಯುತ್ತದೆ. ಮೆರುಗಿನ ಮೇಲೆ ಬಳಿದ ಕೆಲವು ಬಣ್ಣಗಳಲ್ಲೂ ಸೀಸ ಇರುತ್ತದೆ. ಚೆನ್ನಾಗಿ ಬೆಂದ ಮೆರುಗಿನಿಂದ ಸೀಸ ಹೊರಬರುವುದು ಕಡಿಮೆ. ಆದರೆ ಮೆರುಗು ಸವೆದಿದ್ದರೆ, ಬಿರುಕುಬಿಟ್ಟಿದ್ದರೆ, ಅದರಲ್ಲೂ ನಿಂಬೆ ಟೀಯಂಥ ಹುಳಿ ಪದಾರ್ಥ ಸೋಕಿದರೆ ಸೀಸ ಕರಗಿ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೋಡಿದರೆ ತಿಳಿಯುವುದಿಲ್ಲ, ಪ್ರಯೋಗಾಲಯದಲ್ಲಿ ಮಾತ್ರ ಪತ್ತೆಯಾಗುತ್ತದೆ.

ಸೀಸ ದೇಹಕ್ಕೆ ವಿಷ. ಬೆಳೆಯುವ ಮಕ್ಕಳ ಮಿದುಳಿಗೆ ಅದು ಹೆಚ್ಚು ಹಾನಿ ಮಾಡುತ್ತದೆ. ಇಷ್ಟು ಸೀಸ ದೇಹಕ್ಕೆ ಸೇರಿದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಹಳೆಯ ಕಪ್ಪು ನೋಡಲು ಮಾತ್ರ ಇರಲಿ, ಕುಡಿಯಲು ಬೇಡ. ಅದರಲ್ಲಿ ಉಪ್ಪಿನಕಾಯಿ, ಹುಣಿಸೆಹುಳಿ, ಹಣ್ಣಿನ ರಸ ಇಡುವುದಂತೂ ಸಲ್ಲದು.

ಈ ಸೀಸ ಮೊದಲು ಕಾಡಿದ್ದು ಕಪ್ಪಿನಲ್ಲಿ ಟೀ ಕುಡಿದವರನ್ನಲ್ಲ, ಕಪ್ಪು ಮಾಡಿದವರನ್ನು. ಇಂಗ್ಲೆಂಡಿನ ಸ್ಟಾಫರ್ಡ್‌ಷೈರ್‌ನಲ್ಲಿ ನೂರಾರು ಕಾರ್ಖಾನೆಗಳಿದ್ದವು. ಕಪ್ಪುಗಳನ್ನು ಮೆರುಗಿನ ದ್ರವದಲ್ಲಿ ಅದ್ದಿ ತೆಗೆಯುತ್ತಿದ್ದ ಕೆಲಸಗಾರರ ಕೈ, ಬಟ್ಟೆ, ಊಟ ಎಲ್ಲಕ್ಕೂ ಸೀಸ ತಾಗುತ್ತಿತ್ತು. ಹಲವರಿಗೆ ಹೊಟ್ಟೆನೋವು ಬರುತ್ತಿತ್ತು, ಕೆಲವರ ಮಣಿಕಟ್ಟು ಶಕ್ತಿ ಕಳೆದುಕೊಂಡು ಜೋತುಬೀಳುತ್ತಿತ್ತು. ಅಲ್ಲಿ ನಿಮ್ಮ ವಯಸ್ಸಿನ, ನಿಮಗಿಂತಲೂ ಚಿಕ್ಕ ಮಕ್ಕಳು ದುಡಿಯುತ್ತಿದ್ದರು. ಹಸಿ ಪಾತ್ರೆ ಇರುವ ಅಚ್ಚುಗಳನ್ನು ಹೊತ್ತು, ಬಿಸಿಯಾದ ಒಣಗಿಸುವ ಕೋಣೆಗೆ ಓಡಿ ಹೋಗಿ ಇಟ್ಟು ಬರುವುದು ಹುಡುಗರ ಕೆಲಸ. ದಿನವಿಡೀ ಓಡಾಟ. 1840ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಸ್ಕ್ರಿವೆನ್ ಎಂಬ ಅಧಿಕಾರಿ ಸರ್ಕಾರಕ್ಕಾಗಿ ಅಲ್ಲಿಗೆ ಹೋಗಿ, ಆ ಮಕ್ಕಳನ್ನೇ ಮಾತನಾಡಿಸಿ ವರದಿ ಬರೆದ. ಆದರೂ ಕುಂಬಾರಿಕೆ ಕಾರ್ಖಾನೆಗಳಿಗೆ ಮಕ್ಕಳ ದುಡಿಮೆಯನ್ನು ನಿಯಂತ್ರಿಸುವ ಕಾಯ್ದೆ ಅನ್ವಯವಾದದ್ದು 1864ರಲ್ಲಿ. ಕಪ್ಪಿನ ತಳದಲ್ಲಿ ಕಾರ್ಖಾನೆಯ ಹೆಸರಿದೆ. ಅಚ್ಚು ಹೊತ್ತು ಓಡಿದ ಹುಡುಗನ ಹೆಸರಿಲ್ಲ.

ಜೋಪಾನ ಮಾಡುವುದು ಹೇಗೆ?

ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹಳೆಯ ಕಪ್ಪಿದ್ದರೆ ಈ ಮಾತುಗಳು ನೆನಪಿರಲಿ. ಹಿಡಿಯನ್ನಷ್ಟೇ ಹಿಡಿದು ಎತ್ತಬೇಡಿ, ಎರಡು ಕೈಗಳಿಂದ ಎತ್ತಿ. ಅಂಟಿಸಿದ ಹಿಡಿ ಕಿತ್ತು ಬರಬಹುದು. ತಂತಿ ನಾರಿನಿಂದ ಉಜ್ಜಬೇಡಿ. ಚಿನ್ನದ ಗೆರೆ ಮೆರುಗಿನ ಮೇಲಿರುವುದರಿಂದ ಬೇಗ ಅಳಿಸಿಹೋಗುತ್ತದೆ. ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಕಪ್ಪನ್ನು ಕಪ್ಪಿನ ಮೇಲೆ ಪೇರಿಸಬೇಡಿ. ತಳದ ಗುರುತು ನೋಡದೆ ಹಳೇ ಸಾಮಾನಿನವರಿಗೆ ಕೊಟ್ಟುಬಿಡಬೇಡಿ ಎಂದು ಮನೆಯವರಿಗೂ ಹೇಳಿ.

ಸಂಗ್ರಹಕ್ಕೆ ಹಣ ಬೇಕೆಂದೇನಿಲ್ಲ. ಒಂದು ನೋಟ್ ಪುಸ್ತಕ ಸಾಕು. ಕಂಡ ಕಪ್ಪುಗಳ ತಳದ ಗುರುತನ್ನು ಅದರಲ್ಲಿ ಬರೆದುಕೊಳ್ಳಿ. ಎಲ್ಲಿ ಕಂಡಿತು, ಯಾವ ದೇಶದ್ದು, ಯಾವ ಚಿತ್ರ, ಬೆಳಕು ಹಾಯಿತೇ, ಸದ್ದು ಹೇಗಿತ್ತು ಎಂದು ಪಟ್ಟಿ ಮಾಡಿ. ಇಂಗ್ಲೆಂಡಿನವೇ ಆಗಬೇಕಿಲ್ಲ. ಜಪಾನಿನವು, ಗ್ವಾಲಿಯರ್‌ನವು, ಕೋಲ್ಕತ್ತದ ಬೆಂಗಾಲ್ ಪಾಟರೀಸ್‌ನವು ಸಿಗಬಹುದು. ಹೈದರಾಬಾದಿಗೆ ಹೋದರೆ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಯುರೋಪಿನ ಪಿಂಗಾಣಿ ವಸ್ತುಗಳನ್ನು ನೋಡಬಹುದು.

ಪಟ್ಟಿಯ ಕೊನೆಯಲ್ಲಿ ಇನ್ನೊಂದು ಕಾಲಂ ಇರಲಿ: ‘ಈ ಕಪ್ಪು ಮನೆಗೆ ಹೇಗೆ ಬಂತು?’ ಇದಕ್ಕೆ ಉತ್ತರ ಕಪ್ಪಿನ ತಳದಲ್ಲಿ ಸಿಗುವುದಿಲ್ಲ. ಅಜ್ಜ ಅಜ್ಜಿಯರನ್ನು ಕೇಳಿ, ಅವರು ಹೇಳಿದ್ದನ್ನು ಇವತ್ತೇ ಬರೆದಿಡಿ.